ಹಳೆಯ ಕೀಲಿ

ರಾತ್ರಿ ಎರಡೂವರೆ. ಘಾಟ್ಕೋಪರಿನ ಕಿಟಕಿಯಾಚೆ
ಕೊನೆಯ ಲೋಕಲ್ ಹೋಗಿ, ಮೊದಲನೆಯದು ಬಾರದ ಹೊತ್ತು.
ನೀಲಿ ಪರದೆಯ ನಡುವೆ ಬೂದು ಪೆಟ್ಟಿಗೆ.
ಬಾಣ ಒತ್ತಿ ಒತ್ತಿ ಕರ್ನಲ್ಲಿನ ಮೆನುವಿನೊಳಗೆ
ಮಹಡಿ ಮಹಡಿ ಇಳಿಯುತ್ತಿದ್ದೇನೆ.

ಬೇಕಾದ ಸಾಲು ಸಿಗುತ್ತಿಲ್ಲ.
ಇಲ್ಲ ಎಂದೂ ಹೇಳುವುದಿಲ್ಲ, ಸುಮ್ಮನೆ ಕಾಣಿಸುವುದಿಲ್ಲ.
ನಿನ್ನ ಕಂಪೈಲರ್ ಹಳೆಯದಿರುವ ತನಕ
ಆ ಆಯ್ಕೆ ನಿನ್ನ ಕಣ್ಣಿಗಿಲ್ಲ.
ನನಗಿದು ಹೊಸತೇ? ಬ್ರೋಕರ್ ಲಾಲ್ಜಿಯ ಫೋನಿನಲ್ಲಿ
ಅರವತ್ತು ಫ್ಲ್ಯಾಟಿನ ಪಟಗಳಿದ್ದವು.
‘ಒಬ್ಬರೇನಾ? ಮೀನು ತಿಂತೀರಾ?’ ಎಂದು ಕೇಳಿ
ಬೆರಳು ಜಾರಿಸಿದ. ಉಳಿದದ್ದು ಮೂರು.

ಹೊಸ ಕಂಪೈಲರ್ ಇಳಿಸಿಕೊಂಡೆ. ಸಾಲು ಮೂಡಿತು.
ವೈ ಒತ್ತಿದೆ;
ಚೌಕ ಕಂಸದೊಳಗೆ ಪುಟ್ಟ ನಕ್ಷತ್ರವೊಂದು ಬಂದು ಕುಂತಿತು.

ಇನ್ನು ಈ ಯಂತ್ರದಲ್ಲಿ
ಹದಿನಾರು ಬೈಟಿಗೊಂದು ಕೋಣೆ, ಕೋಣೆಗೊಂದು ಬಣ್ಣ,
ಹೊಗುವ ಕೀಲಿಯ ನೆತ್ತಿಗೂ ಅದೇ ಬಣ್ಣ.
ಕೂಡಿದರೆ ಬಾಗಿಲು, ಕೂಡದಿದ್ದರೆ ಅಲ್ಲೇ ನಿಲ್ಲು.
ಕೋಣೆ ಖಾಲಿಯಾದ ಕ್ಷಣ ಗೋಡೆಗೆ ಬೇರೆ ಸುಣ್ಣ;
ಹಳೆಯ ಕೀಲಿ ಆಮೇಲೆ ಬರೀ ಹಿತ್ತಾಳೆ.

ಹಿತ್ತಾಳೆಯ ಮಾತು ಬಂತು, ಹೇಳಿಯೇ ಬಿಡುತ್ತೇನೆ.
ಈ ಊರಿನಲ್ಲಿ ಕರಾರು ಹನ್ನೊಂದು ತಿಂಗಳದ್ದು.
ಹೋದ ವರ್ಷ, ದಸರೆ ಕಳೆದ ವಾರ,
ಬಿಲ್ಡ್ ನಾಲ್ಕನೆಯ ಸಲ ಮುರಿದ ಸಂಜೆ
ತಲೆ ಆಫೀಸಿನಲ್ಲೇ ಇತ್ತು, ಕಾಲು ಮಾತ್ರ ನಡೆದವು
ದಮಯಂತಿ ಬೇನ್ ಛೇಡಾರ ಮೂರನೇ ಮಹಡಿಗೆ,
ನಾನು ಬಿಟ್ಟು ಐದು ವಾರವಾಗಿದ್ದ ಮನೆಗೆ.
ಕೀಲಿ ಗೊಂಚಲಿನಲ್ಲೇ ಉಳಿದಿತ್ತು. ಬೀಗವೂ ಅದೇ.
ಎಷ್ಟು ನಯವಾಗಿ ತಿರುಗಿತು!

ನೆಲದ ಮೇಲೆ ಕುಂತು, ಒದ್ದೆ ಕೂದಲು ಬಿಟ್ಟುಕೊಂಡು,
ಹುಡುಗಿಯೊಬ್ಬಳು ವರಣ-ಭಾತ್ ಕಲೆಸುತ್ತಿದ್ದಳು.
ನಾನು ಹೊಡೆದ ಮೊಳೆಗೆ ಅವಳ ದುಪಟ್ಟಾ.
ತುತ್ತು ಬಾಯಿಯ ದಾರಿಯಲ್ಲಿ ನಿಂತಿತು.
ಕೂಗಲಿಲ್ಲ ಅವಳು. ಅದೇ ಈಗಲೂ ಕಾಡುತ್ತದೆ.
‘ಕೋಣ್?’ ಎಂದಳು, ತೀರಾ ಮೆಲ್ಲಗೆ,
ತಾನೇ ತಪ್ಪು ಮನೆಗೆ ಬಂದವಳಂತೆ.

ಕ್ಷಮಿಸಿ ಎಂದೆನೋ ಇಲ್ಲವೋ, ಮೆಟ್ಟಿಲಿಳಿದಿದ್ದೆ.
ಕೀಲಿ ಮರಳಿಸಲು ಹೋದರೆ ದಮಯಂತಿ ಬೇನ್
‘ಇರಲಿ ಬಿಡು, ಎಲ್ಲಿಗೆ ಹೋಗುತ್ತೆ’ ಎಂದು
ಕೈಗೆ ಖಾಖ್ರಾದ ಪೊಟ್ಟಣ ಕೊಟ್ಟರು.

ಇನ್ನೂ ಒಂದು ಆಯ್ಕೆ ಉಳಿದಿದೆ: ಕಾವಲು ಎಂಥದು?
ಒಬ್ಬ ಹೆಜ್ಜೆ ಹೆಜ್ಜೆಗೂ ತಡೆದು ನೋಡುವವ;
ಸಾಲು ನಿಧಾನ, ಕಿರಿಕಿರಿ ಜಾಸ್ತಿ.
ಇನ್ನೊಬ್ಬ ನಮ್ಮ ಗೇಟಿನ ರಾಮ್‌ಸಮುಝನಂಥವ.
ಎಲ್ಲರನ್ನೂ ಬಿಡುತ್ತಾನೆ, ರಿಜಿಸ್ಟರಿನಲ್ಲಿ ಒಂದು ಗೀಟೆಳೆಯುತ್ತಾನೆ.
‘ರಾತ್ರಿ ಯಾರೋ ಬಂದಿದ್ರು ಮೇಡಂ’ ಅನ್ನುತ್ತಾನೆ ಬೆಳಿಗ್ಗೆ.
ಯಾರು? ಯಾವ ಮನೆಗೆ?
ಕೈ ತಿರುಗಿಸುತ್ತಾನೆ.

‘ಎರಡನೆಯದೇ ಸಾಕು,’ ತನುಜಾ ಕೋರಗಾಂವ್ಕರ್ ಬರೆದಿದ್ದಾಳೆ,
‘ಗಿರಾಕಿ ನೋಡುವುದು ವೇಗ. ಮೊದಲೇ ನಿನ್ನ ಬಣ್ಣಗಳಿಗೆ
ಮೂವತ್ತೆರಡರಲ್ಲೊಂದು ಪಾಲು ಮೆಮೊರಿ ಹೋಯಿತು.’
ಹೌದು. ನೆನಪಿಡುವುದಕ್ಕೂ ನೆನಪು ಖರ್ಚಾಗುತ್ತದೆ.
ಬಣ್ಣಗಳಾದರೂ ಎಷ್ಟು? ಹದಿನಾರೇ.
ಹೊಸ ಬಾಡಿಗೆಗೆ ಬಳಿದ ಸುಣ್ಣ ಯಾವತ್ತೋ ಒಮ್ಮೆ
ಹಳೆಯ ಕೀಲಿಗೆ ಸರಿಹೊಂದಿಬಿಡಬಹುದು.
ಗೊತ್ತು, ತನುಜಾ.

ಆದರೂ ಮೊದಲನೆಯವನನ್ನೇ ಗೇಟಿಗೆ ನಿಲ್ಲಿಸುತ್ತೇನೆ.
ತಡೆಯಲಿ. ತಡವಾಗಲಿ.
ತುತ್ತು ಎತ್ತಿದ ಕೈ ಬಾಯಿಗೆ ಮುಟ್ಟಲಿ.

ಸೇವ್ ಮಾಡಲೇ ಎಂದು ಪೆಟ್ಟಿಗೆ ಕೇಳುತ್ತಿದೆ.
ಈ ಕೋಣೆಯಲ್ಲಿ ನನಗಿಂತ ಮುಂಚೆ ಯಾರಿದ್ದರೋ,
ಹತ್ತು ತಿಂಗಳಾಯಿತು, ಒಮ್ಮೆಯೂ ಕೇಳಿಲ್ಲ.
ಎದ್ದು ಹೋಗಿ ಒಳಚಿಲಕ ಹಾಕಿ,
ಜಗ್ಗಿ ನೋಡಿ, ಬಂದು ಕುಂತು,
ಎಂಟರ್ ಒತ್ತಿದೆ.