ಮಾರಿ ಅಚ್ಚು

ಹುಬ್ಬಳ್ಳಿ ದವಾಖಾನಿಯಾಗ ಪಾಳಿ ಸಿಗಬೇಕಾದ್ರ
ಹದಿನೇಳ ದಿನ ಹಿಡೀತು.
ಬೆಟಗೇರಿಯಿಂದ ಬಂದು ನಸುಕಿನ ಗಾಡಿ. ಅಣ್ಣಿಗೇರಿ ದಾಟೂತನಾ
ಪಂಢರಿ ನನ್ನ ತೊಡಿ ಮ್ಯಾಲ. ಹನ್ನೊಂದು ವರ್ಷದಾಂವ,
ಎತ್ತಿಕೊಂಡ್ರ ಆರು ವರ್ಷದ ಭಾರ.

ಕುತ್ತಿಗ್ಯಾಗ ಅವರಿಕಾಳಿನಂಥಾ ನಾಕು ಗಂಟು.
ಮಷೀನಿನ ಕೆಳಗ ಅಲಗಾಡಬಾರದಂತ
ಬಿಸಿನೀರಾಗ ಮೆತ್ತಗ ಮಾಡಿದ ಬಿಳಿ ಜಾಳಿಗಿ
ಮಾರಿ ಮ್ಯಾಲ ಒತ್ತಿ ಅಚ್ಚು ತಗದ್ರು.
ಮೂಗು ಬಂತು, ಗದ್ದ ಬಂತು, ಅವರಪ್ಪನ ಉಬ್ಬ ಹಣಿನೂ ಬಂತು.
ನಾನೂ ಸಿಂಪಿಗಿತ್ತಿ. ಅಳತಿ ತಪ್ಪಿರಲಿಲ್ಲ.

ಮರುದಿನ ಹೆಸರು ಕರದ್ರು. ಒಳಗ ಹೋದ. ಹಂಗ ಹೊರಗ ಬಂದ.
ಇವತ್ತ ಬ್ಯಾಡ ಅಂದ್ರು.
ನಾ ಜಗಳಾ ತಗದೆ. ರೊಕ್ಕಾ ಕಡಿಮಿ ಬಿತ್ತೇನ್ರಿ,
ಯಾರದಾರ ಚೀಟಿ ಬಂತೇನ್ರಿ ಅಂತ.
ಬೆಂಚಿನ ಮ್ಯಾಲಿನ ಮಂದಿ ಎಲ್ಲಾ ನೆಲಾ ನೋಡಿದ್ರು.

ಕಲಿಯಾಕ ಬಂದ ಡಾಕ್ಟರ ಹುಡುಗಿ, ಹಂಪಣ್ಣವರ ಅಂತ,
ನನ್ನ ಬಾಜೂಕ ಕುಂತಳು.
"ಇವನ ಕಣ್ಣಾಗ ಕೆಂಪು ಎಳಿ ಯಾವಾಗಿಂದ?"
ನಾಕ ವರ್ಷದಾಂವ ಇದ್ದಾಗಿಂದ. ಹನಿ ಹಾಕತಿದ್ದೆ.
"ನಡಿಗಿ?"
ತೂಗಾಡತಾನ. ಸಾಲ್ಯಾಗ ಕುಡುಕ ಅಂತಾರ.
"ಗಂಡ ಬಳಗದಾವ್ರೇನು?"
ಸ್ವಾದರಮಾವ.

ಆಕಿ ಸುಮ್ಮಾದಳು.
ನನ್ನ ಸೆರಗಿನ ರಫೂ ಮ್ಯಾಲ ಬೆರಳಿಟ್ಟಳು.
ಆ ಬೆಳಕು ಎಲ್ಲಾರ ಎಳೀನೂ ಹರಿತೈತಿ, ಅಂದಳು,
ಉಳದವರ ಮೈ ರಾತ್ರಿ ಕುಂತು ಹೊಲಕೋತೈತಿ.
ಇವನ ಮೈಯಾಗ ಆ ಸೂಜಿನ ಇಲ್ಲ ಅಂತ ಕಾಣತೈತಿ.
ರಕ್ತಾ ಪರೀಕ್ಷಾಕ್ಕ ಕಳಸೇವಿ. ಅಲ್ಲೀತನಾ ಮಷೀನಿಗೆ ಹಾಕಾಂಗಿಲ್ಲ,
ಗಂಟಿಗಿಂತ ಮೊದಲ ಕೂಸು ಸುಟ್ಟೀತು.

ಅಲ್ಲೀತನಾ ಅಂದದ್ದು ಕಾಯಂ ಆತು. ಕಾಗದ ಬಂತು.

ಒಂದ ತಾನಿನ ಬಟ್ಟಿ, ನಾನೂ ಅವರೂ.
ನನ್ನ ತೂತಿನ ಮ್ಯಾಲ ಅವರ ತೂತು
ಒಂದ ನೂಲು ಆಚೆ ಈಚೆ ಇಲ್ಲದ ಕುಂತೈತಿ.
ಬ್ಯಾರೆ ಮನಿಗೆ ಕೊಟ್ಟಿದ್ರ? ಅಂತ ಒಮ್ಮೊಮ್ಮೆ ಅನಸತೈತಿ.
ಹಂಗಾದ್ರ ಪಂಢರಿನ ಇರತಿರಲಿಲ್ಲಲ್ಲ.
ಅಲ್ಲಿಗೆ ದಾರ ಕಡೀತೀನಿ.

ಈಗ ಬರೇ ಸಲೈನಿನ ಔಷಧ, ಅದೂ ಅರ್ಧಾ.
ನಾಕರಾಗ ಎರಡು ಗಂಟು ಕರಗ್ಯಾವ.
ಮುಂದಿಂದು ಅವರೂ ಹೇಳೂದಿಲ್ಲ, ನಾನೂ ಕೇಳೂದಿಲ್ಲ.
ಆ ಹುಡುಗಿಗೆ ಒಂದು ಜಂಪರ ಹೊಲದು ಕೊಟ್ಟೆ. ಬ್ಯಾಡ ಅಂದು ತಗೊಂಡಳು.

ಇನ್ನೊಬ್ಬರ ಮಾರಿಗೆ ಕೂಡೂದಿಲ್ಲಂತ ಅಚ್ಚು ನಮಗ ಕೊಟ್ರು.
ಹೊಲಿಗಿ ಮಷೀನಿನ ಮ್ಯಾಲಿನ ಗೂಟಕ್ಕ ಹಾಕೀನಿ.
ನಿನ್ನಿ ಪಂಢರಿ ಅದನ್ನ ಹಾಕ್ಕೊಂಡು, ಗ್ವಾಡಿ ಹಿಡಕೋಂತ,
ಬಾಜೂ ಮನಿ ಕೋಳಿ ಅಂಜಸಾಕ ಹೋದ.
ಜಾಳಿಗಿ ಒಳಗ ನಗತಿದ್ದ.
ಗದ್ದದ ಕಡೆ ಒಂದೀಟು ಬಿಗಿ ಆಗೈತಿ.