ಒಂದು ದೀರ್ಘ

ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ನಾನು ಸರ್ವಮಂಗಳ.
ನರ್ಸಿಂಗ್ ಕೌನ್ಸಿಲ್ಲಿನ ದಾಖಲೆಯಲ್ಲಿ ಸರ್ವಮಂಗಳಾ.
ಮೂರನೇ ಮಹಡಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿ
ಎರಡನ್ನೂ ಅಕ್ಕಪಕ್ಕ ಇಟ್ಟು
ಒಂದು ದೀರ್ಘ ಜಾಸ್ತಿ ಇದೆಯಲ್ಲಮ್ಮ ಅಂದರು.

ತಲಕಟ್ಟು ಬಿಚ್ಚಿ ಇಳಿ ಕೊಟ್ಟವರು ಯಾರೋ.
ಆ ಇಳಿ ಹಿಡಿದುಕೊಂಡೇ ಇಳಿದೆ
ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ,
ಛತ್ರಿಯ ಕೆಳಗೆ ಕೂತ ನೋಟರಿಯ ಮುಂದೆ
ಪ್ರಮಾಣ ಮಾಡಿದೆ:
ಸದರಿ ಇಬ್ಬರೂ ಒಬ್ಬಳೇ,
ಆ ಒಬ್ಬಳು ನಾನೇ.
ಟೈಪು ಹೊಡೆಯುವ ಹುಡುಗ ಅದರಲ್ಲೂ ಒಂದಕ್ಷರ ತಪ್ಪಿ
ವೈಟ್ನರ್ ಹಚ್ಚಿ ಉಫ್ ಎಂದು ಊದಿದ.

ಆಯ್ಕೆಪಟ್ಟಿ ಬಂದದ್ದು ಯುಗಾದಿಯ ಮಾರನೆಗೆ,
ನೂರಾ ಹದಿನೇಳನೇ ಸಾಲು, ಪಕ್ಕದಲ್ಲಿ ‘ತಾತ್ಕಾಲಿಕ’.
ನರ್ಸಿಂಗ್ ಹೋಮಿನ ಕೆಲಸ ಆ ವಾರವೇ ಬಿಟ್ಟೆ.
ಕೇಕು ಕತ್ತರಿಸಿದರು. ಮೊದಲ ಸಲ
ಡಾಕ್ಟರ ಎದುರು ಕುರ್ಚಿಯಲ್ಲಿ ಕೂತೆ.
ಈಗ ಮಾರ್ಕೆಟ್ಟಿನಲ್ಲಿ ಗೌರಿಯ ಮೊರ ಮಾರುತ್ತಿದ್ದಾರೆ.
ಅಮ್ಮ ಕೇಳುವುದನ್ನು ನಿಲ್ಲಿಸಿದ್ದಾಳೆ.
ಅದು ಕೇಳುವುದಕ್ಕಿಂತ ಜೋರು.

ಮನೆ ನೋಡಲು ಹೋದಾಗ ವಿಜಯನಗರದ ಒಬ್ಬಾಕೆ
ಒಂದೇ ಪ್ರಶ್ನೆಯಲ್ಲಿ ನನ್ನ ಜಾತಿ ಹಿಡಿದಿದ್ದಳು,
ಬೀಗದ ಕೈ ವಾಪಸು ಸೆರಗಿಗೆ ಕಟ್ಟಿಕೊಂಡಿದ್ದಳು.
ಸಿಂಧುತ್ವಕ್ಕೆ ಅಷ್ಟು ಸಾಲದು.
ತಾತನ ಶಾಲಾ ದಾಖಲೆ ತನ್ನಿ ಅನ್ನುತ್ತಾರೆ.
ತಾತ ಶಾಲೆಯ ಕಿಟಕಿಯ ಹೊರಗೆ ನಿಂತು
ಮಗ್ಗಿ ಕಲಿತವನು.
ಕಿಟಕಿ ಯಾರಿಗೂ ಟಿ.ಸಿ. ಕೊಡುವುದಿಲ್ಲ.

ವೈದ್ಯಕೀಯ ತಪಾಸಣೆ ವಿಕ್ಟೋರಿಯಾದಲ್ಲಿ.
ರಕ್ತ ತೆಗೆಯಲು ಬಂದವಳು ಇನ್ನೂ ಕಲಿಯುವ ಹುಡುಗಿ,
ಎರಡು ಸಲ ನರ ತಪ್ಪಿದಳು.
ಮೂರನೆಯದಕ್ಕೆ ನಾನೇ ಬೆರಳಿಟ್ಟು ತೋರಿಸಿದೆ:
ಇಲ್ಲಿ, ಸ್ವಲ್ಪ ಓರೆಯಾಗಿ.
ಎಕ್ಸ್‌ರೇ ಕೋಣೆಯಲ್ಲಿ ಉಸಿರು ಹಿಡೀರಿ ಅಂದವನು
ಫೋನು ಬಂತೆಂದು ಹೊರಗೆ ಹೋದ.
ಹಿಡಿದೇ ಇದ್ದೆ, ವಿಧೇಯಳಾಗಿ.

ಕಡತ ಎಲ್ಲಿ ಎಂದರೆ ಮೇಲೆ ಹೋಗಿದೆ.
ಮೇಲೆ ಹೋದರೆ ಕೆಳಗೆ ಬಂದಿದೆ.
ನಾಳೆ ಬನ್ನಿ.
ಅಜ್ಜಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ
ಇದನ್ನೇ ಬರೆಸುತ್ತಿದ್ದಳು.
ರಾತ್ರಿ ಬಂದ ದೆವ್ವ ಓದಿಕೊಂಡು ಹೋಗುತ್ತದಂತೆ,
ಮಾರನೇ ದಿನ ಮತ್ತೆ ಬರುತ್ತದಂತೆ.
ಪಾಪ, ಅಕ್ಷರ ಕಲಿತದ್ದೇ ಅದಕ್ಕೆ ಮುಳುವಾಯಿತು.
ಈಗ ಅದಕ್ಕೆ ಬಸ್ಸಿನಲ್ಲಿ ಗುಲಾಬಿ ಟಿಕೀಟು, ಸೊನ್ನೆ ರೂಪಾಯಿ.

ನಿನ್ನೆ ಸಂಜೆ ಕಾಮಾಕ್ಷಿಪಾಳ್ಯದ ನಮ್ಮ ವಠಾರಕ್ಕೆ
ನಡತೆ ವಿಚಾರಿಸಲು ಪೇದೆ ಬೋರಲಿಂಗಯ್ಯ ಬಂದರು.
ಹುಡುಗಿ ಹೆಂಗೆ?
ಓನರಮ್ಮ ಯೋಚಿಸಿ ಹೇಳಿದರು:
ನೀರು ಜಾಸ್ತಿ ಬಿಡ್ತಾಳೆ. ಕೈ ತೊಳೆದದ್ದೇ ತೊಳೆದದ್ದು.
ಅದನ್ನವರು ಬರೆದುಕೊಳ್ಳಲಿಲ್ಲ.
ಕಾಫಿಗೆಂದು ಮಡಚಿಟ್ಟ ಇನ್ನೂರು
ನನ್ನ ಅಂಗೈಯಲ್ಲಿ ಬೆವರುತ್ತಿತ್ತು.
ಅವರು ಕೈ ಹಾಕಿದ್ದು ತಮ್ಮದೇ ಜೇಬಿಗೆ,
ತೆಗೆದದ್ದು ಮಡಿಕೆಯಲ್ಲಿ ಹರಿದ ಲ್ಯಾಬ್ ರಿಪೋರ್ಟು.
ಇದೇನಮ್ಮಾ, ಇಲ್ಲಿ ಕೆಂಪಗೆ ಗೆರೆ ಎಳ್ದವ್ರೆ?

ಸಕ್ಕರೆ ಮುನ್ನೂರು ದಾಟಿತ್ತು.
ಅಂಗಾಲು ತೋರಿಸಿ ಅಂದೆ.
ಬೂಟು ಬಿಚ್ಚಲು ನಾಚಿದರು, ಬಿಚ್ಚಿದರು.
ಹೆಬ್ಬೆರಳ ಕೆಳಗೆ ಕಡಲೆಕಾಳಿನಷ್ಟು ಹುಣ್ಣು.
ನೋವೇನಿಲ್ಲ ಬಿಡಿ ಅನ್ನುತ್ತಾರೆ.
ನೋವಿಲ್ಲದಿರುವುದೇ ಕೆಟ್ಟದ್ದು.
ಆದೇಶ ಕೈಗೆ ಬರಲಿ, ನಾಳೆ ಬನ್ನಿ ಅನ್ನಲು
ನನಗೆ ಮೇಜಿರಲಿಲ್ಲ, ಮೂರನೇ ಮಹಡಿಯಿರಲಿಲ್ಲ.
ನೀರು ಕಾಸಿದೆ. ತೊಳೆದೆ. ಬಟ್ಟೆ ಸುತ್ತಿದೆ.
ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ,
ನಾಳಿದ್ದು ಅನ್ನಬೇಡಿ ಅಂದೆ.

ಗೇಟಿನ ಹತ್ತಿರ ಬೈಕಿನ ಸೀಟಿನ ಮೇಲೆ ಫಾರಂ ಇಟ್ಟು
ನಿಧಾನವಾಗಿ ಏನೋ ಬರೆದರು.
ಡೆಟಾಲಿನ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದೆ.
ಬೈಕು ತಿರುವು ದಾಟಿದ ಮೇಲೆ ಹೊಳೆಯಿತು:
ಹೆಸರಿಗೆ ದೀರ್ಘ ಕೊಟ್ಟರೋ ಬಿಟ್ಟರೋ
ಕೇಳಲೇ ಇಲ್ಲ.