ಬಂತಾ?

ಧನುರ್ಮಾಸದ ಐದೂವರೆ.
ಕೆಂಪು ಚುಕ್ಕಿ ಇಟ್ಟ ಕಡೆಗೆ ನಲ್ಲಿ ತಿರುಗಿಸಿದರೆ
ಒಂದು ಸಣ್ಣ ಕೆಮ್ಮು,
ಆಮೇಲೆ ಏನೂ ಇಲ್ಲ.

ನಿನ್ನೆ ಇಡೀ ದಿನ ಬಿಸಿಲು ಕಾದಿತ್ತಲ್ಲ,
ಒಣಹಾಕಿದ ಮೆಣಸಿನಕಾಯಿ ಗಲಗಲ ಅನ್ನುವಷ್ಟು.
ತಾರಸಿಯ ಸೋಲಾರು ಗಾಜಿನ ಕೊಳವೆಗಳನ್ನೆಲ್ಲ ಚಾಚಿಕೊಂಡು
ಅಷ್ಟನ್ನೂ ಕುಡಿದಿತ್ತಲ್ಲ.
ಎಲ್ಲಿ ಹೋಯಿತು?

ಅನುಮಾನ ಮೊದಲು ಹತ್ತಿದ್ದು ಮೇಲಿನ ಮನೆಗೆ.
ಓರಗಿತ್ತಿ ಚಂದ್ರಕಲ
ನಾಲ್ಕಕ್ಕೇ ಎದ್ದು ಕೊಡಗಟ್ಟಲೆ ಸುರಿದುಕೊಂಡಿರಬೇಕು,
ತಲೆಗೆ ಎರೆದುಕೊಂಡರೆ ಆಕೆಗೆ ಅರ್ಧ ಟ್ಯಾಂಕು ಬೇಕು.
ಇಷ್ಟು ಅಂದುಕೊಳ್ಳಲು ಕಾಫಿ ಉಕ್ಕುವಷ್ಟೂ ಹೊತ್ತು ಹಿಡಿಯಲಿಲ್ಲ.
ಏಳು ತಿಂಗಳ ಅಭ್ಯಾಸ.
ಚೀಟಿ ದುಡ್ಡು, ಸಾವಿರದ ಎಂಟುನೂರು,
ಕೊಟ್ಟೆ ಅಂತ ಅವಳು, ಬಂದಿಲ್ಲ ಅಂತ ನಾನು.
ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ
ಇಬ್ಬರಿಗೂ ಗೋಡೆಯ ಸುಣ್ಣ ಬಲು ಚಂದ.

ಆದರೆ ಮೇಲಿನಿಂದಲೂ ಕೇಳಿತು ಅದೇ ಕೆಮ್ಮು,
ಅದೇ ಖಾಲಿ ಬಕೆಟ್ಟು.

ನೂರಡಿ ರಸ್ತೆಯ ಇನಾಯತ್ತಿಗೆ ಫೋನು ಮಾಡಿದೆ.
ಅವನಿನ್ನೂ ಹೊದಿಕೆಯೊಳಗೆ:
"ಟ್ಯಾಂಕಿಂದ ಇಳಿಯೋ ಪೈಪು ಮುಟ್ಟಿ ನೋಡಿ. ಕಾದಿದ್ರೆ
ನೀರು ಚೆನ್ನಾಗೈತೆ, ದಾರೀಲಿ ಗಾಳಿ ಕುಂತೈತೆ.
ನಿನ್ನೆ ಕರೆಂಟು ಹೋಗಿ ತೊಟ್ಟಿ ಬರಿದಾಗಿತ್ತಾ? ಅದೇ ಮತ್ತೆ.
ಬಿಸಿ, ತಣ್ಣೀರು ಎರಡೂ ಪೂರಾ ಬಿಟ್ಟು
ನಲ್ಲಿ ಬಾಯಿಗೆ ಅಂಗೈ ಒತ್ತಿ. ಬಿಗಿಯಾಗಿ.
ಬೀದಿ ನೀರು ನಿಲ್ಲೋದ್ರೊಳಗೆ ಮಾಡ್ಬೇಕು, ಆ ಜೋರೇ ಬೇಕು.
ತಣ್ಣೀರು ಹಿಂದಕ್ಕೆ ಹತ್ತಿ ಗಾಳೀನ ಕತ್ತು ಹಿಡ್ದು ತಳ್ತದೆ.
ಇನ್ನೊಬ್ರು ಮ್ಯಾಲೆ ನಿಂತು ನೋಡ್ಬೇಕು.
ಒಬ್ರ ಕೈಲಾಗೋ ಕೆಲ್ಸ ಅಲ್ಲ ಅಮ್ಮಾ."

ಗಂಡಸರಿಬ್ಬರೂ ಮಳವಳ್ಳಿಯ ತಿಥಿಗೆ ಹೋದವರು ಬಂದಿಲ್ಲ.
ಮೆಟ್ಟಿಲ ಬುಡದಲ್ಲಿ ನಿಂತೆ.
ಹೆಸರು ಬಾಯಿಗೆ ಬರಲಿಲ್ಲ.
"ಪೈಪು ನೋಡಬೇಕಂತೆ" ಅಂದೆ, ಯಾರಿಗೋ ಅನ್ನುವ ಹಾಗೆ.
ಸ್ವಲ್ಪ ಹೊತ್ತು.
ಆಮೇಲೆ ಹವಾಯಿ ಚಪ್ಪಲಿ ತಾರಸಿಗೆ ಏರುವ ಪಟಪಟ.

ಅಂಗೈ ಒತ್ತಿದೆ.
ಬೆರಳ ಸಂದಿಯಿಂದ ಚಿಮ್ಮಿ
ಕುಪ್ಪಸ, ಕನ್ನಡಿ, ಸೋಪಿನ ಡಬ್ಬಿ, ಎಲ್ಲ ಒದ್ದೆ.
ಕೈ ಮರಗಟ್ಟಿತು, ಮೊಣಕೈವರೆಗೆ.
ಗೋಡೆಯೊಳಗೆ ಏನೋ ಮೇಲಕ್ಕೆ ನಡೆಯತೊಡಗಿತು,
ಮಂಡಿ ನೋವಿನವರ ಹಾಗೆ, ನಿಂತು, ನಿಂತು.

"ಬಂತಾ?" ಮೇಲಿನಿಂದ.
"ನಾನು ಕೈ ಒತ್ತಿದೀನಿ, ಅಲ್ಲಿ ಏನಾಯ್ತಾ ಐತೆ ಹೇಳು!"
"ಬುಸ್ ಅಂತೈತೆ ಕಣಕ್ಕ, ಇನ್ನೊಸಿ ಒತ್ತು."

ಕಣಕ್ಕ ಅಂದಳು.
ಒತ್ತಿದೆ.

ಪಕ್ಕದ ಮನೆಯ ಕಿಟಕಿ ತೆರೆಯಿತು.
ಸ್ವರ್ಣಸಂದ್ರಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದೇವೆ,
ಏಳು ತಿಂಗಳು ಕೆಮ್ಮಿಗೂ ಸೆರಗು ಅಡ್ಡ ಹಿಡಿದವರು.

"ಉಗುಳ್ತು! ಅಯ್ಯೋ, ನನ್ನ ಮ್ಯಾಲೇ ಉಗುಳ್ತು!"
ನಕ್ಕಳು. ಆ ನಗು ಗಾಳಿಕೊಳವೆಗೆ ಸಿಕ್ಕಿ
ಕೊಳವೆಯದೋ ಅವಳದೋ ತಿಳಿಯದ ಹಾಗೆ ಕೆಳಗೆ ಬಂತು.

ಕೈ ತೆಗೆದೆ.
ಮೊದಲು ಕಂದು ನೀರು, ಗಾಳಿಯ ಮುದ್ದೆ ಮುದ್ದೆ,
ಬಳಿಕ ಉಗುರು ಬೆಚ್ಚಗೆ,
ಬಳಿಕ ಕೈ ಹಿಂದೆಳೆದುಕೊಳ್ಳುವಷ್ಟು.

ಇಳಿದು ಬಂದು ಬಾಗಿಲಲ್ಲಿ ನಿಂತಳು, ಸೆರಗು ಹಿಂಡುತ್ತ.
ನನ್ನ ಅಂಗೈ ನೋಡಿದಳು, ನಲ್ಲಿಯ ಬಾಯಿ
ದುಂಡಗೆ, ಕೆಂಪಗೆ ಅಚ್ಚೊತ್ತಿತ್ತು.
"ಕೊಬ್ರೆಣ್ಣೆ ಹಚ್ಕೊ."
ಚೀಟಿ ದುಡ್ಡಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಅದು ಇನ್ನೂ ಯಾವುದೋ ತಿರುವಿನಲ್ಲಿ ಕುಂತಿರಬೇಕು.

ಹತ್ತಿ ಹೋದಳು.
ಬಚ್ಚಲಿನ ಹೊಗೆಯಂಥ ಹಬೆಯಲ್ಲಿ ಬಕೆಟ್ಟು ತುಂಬುತ್ತಿರುವಾಗ
ಮೇಲೆ ಅವಳ ನಲ್ಲಿ ತಿರುಗಿದ ಕಿರ್ರ್.

ತಲೆಯೆತ್ತಿ, ಸೂರಿಗೆ ಕೂಗಿದೆ:
"ಬಂತಾ?"